ಚಿತ್ರವಿಲ್ಲದ ಪುಟ

ಅತ್ತಿಬೆಲೆಯಲ್ಲಿ, ಹೊಸೂರಿನ ಕಡೆಗೆ ಹೋಗುವ ಹೆದ್ದಾರಿಯ ಮಗ್ಗುಲಿಗೆ ಒಂದು ಜೆರಾಕ್ಸ್ ಅಂಗಡಿಯಿದೆ. ಅಂಗಡಿ ಎಂದರೆ ಹತ್ತಡಿಗೆ ಎಂಟಡಿಯ ಒಂದು ಕೋಣೆ. ಅದರೊಳಗೆ ಒಂದು ಕಂಪ್ಯೂಟರು, ಒಂದು ದೊಡ್ಡ ನಕಲು ಯಂತ್ರ, ಗೋಡೆಗೆ ಆತುಕೊಂಡ ಒಂದು ಬೆಂಚು. ಕಾರ್ಖಾನೆಗಳ ಪಾಳಿ ಬಿಡುವ ಹೊತ್ತಿಗೆ ಅಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಕೆಲಸಕ್ಕೆ ಅರ್ಜಿ ಹಾಕುವವರು, ಆಧಾರ್ ಪ್ರತಿ ತೆಗೆಸುವವರು, ಸಂಬಳದ ಚೀಟಿಯನ್ನು ಕಾಗದದ ಮೇಲೆ ಕಂಡಲ್ಲದೆ ನಂಬದವರು, ಎಲ್ಲರೂ ಅಲ್ಲಿಗೆ ಬರುತ್ತಾರೆ. ಕನ್ನಡ, ತೆಲುಗು, ತಮಿಳು, ಹಿಂದಿ ನಾಲ್ಕೂ ಒಂದೇ ಉಸಿರಿನಲ್ಲಿ ಕೇಳಿಸುವ ಆ ಗದ್ದಲದಲ್ಲಿ ಕನ್ನಡದ ಅಧ್ಯಾಪಕನೊಬ್ಬನಿಗೆ ವಿಶೇಷ ಮರ್ಯಾದೆಯೇನೂ ಸಲ್ಲುವುದಿಲ್ಲ. ಸಲ್ಲಬೇಕೆಂದು ನಾನು ಬಯಸುವವನೂ ಅಲ್ಲ.

ಕಳೆದ ತಿಂಗಳು ಒಂದು ಸಂಜೆ ನಾನು ಅಲ್ಲಿಗೆ ಹೋದದ್ದು ಆರು ಪುಟಗಳ ಒಂದು ಪಾಠವನ್ನು ನಲವತ್ತು ಪ್ರತಿ ಮಾಡಿಸಲು. ವಿಷಯ ವೀರಗಲ್ಲುಗಳು. ಜಾಲದ ಗ್ರಂಥಾಲಯವೊಂದರಲ್ಲಿ ದೊರೆತ ಹಳೆಯ ಪುಸ್ತಕದ ಪುಟಗಳನ್ನು ಆಯ್ದು, ಪಿಡಿಎಫ್ ರೂಪದಲ್ಲಿ ಕಟ್ಟಿ, ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಹೋಗಿದ್ದೆ. ಅಂಗಡಿಯ ಹುಡುಗನು ಅದನ್ನು ತೆಗೆದುಕೊಂಡು, "ಎಂಟು ಗಂಟೆಗೆ ಬನ್ನಿ ಸಾರ್" ಎಂದ. ಎಂಟು ಗಂಟೆಗೆ ಹೋದೆ. ಕಟ್ಟು ಸಿದ್ಧವಾಗಿತ್ತು. ಹಣ ಕೊಟ್ಟು ಮನೆಗೆ ಬಂದು ಬಿಚ್ಚಿ ನೋಡಿದರೆ, ಅಕ್ಷರಗಳು ಹೊಸದಾಗಿ ಮೊಳೆ ಜೋಡಿಸಿ ಅಚ್ಚೊತ್ತಿದಂತೆ ಕಡುಕಪ್ಪಾಗಿ ಬಂದಿವೆ. ಚಿತ್ರ ಒಂದೂ ಇಲ್ಲ. "ಆತಕೂರಿನ ಶಾಸನಶಿಲೆಯ ಮೇಲ್ಭಾಗ: ನಾಯಿ ಹಂದಿಗಳ ಕಾಳಗ" ಎಂಬ ವಿವರಣೆ ಇದೆ; ಅದರ ಮೇಲೆ ಅಂಗೈಯಗಲದ ಬಿಳಿಯ ಬಯಲು. "ಬೇಗೂರಿನ ವೀರಗಲ್ಲು" ಎಂದಿದೆ. ಬೇಗೂರೂ ಇಲ್ಲ, ಕಲ್ಲೂ ಇಲ್ಲ. ನಲವತ್ತು ಪ್ರತಿಗಳಲ್ಲಿಯೂ ಇದೇ ಶೂನ್ಯ.

ಮಾರನೆಯ ದಿನ ಈ ಸಂಗತಿಯನ್ನು ಹಿರಿಯ ಸಹೋದ್ಯೋಗಿಯೊಬ್ಬರಿಗೆ ಹೇಳಿದೆ. ಅವರು ಪ್ರತಿಯನ್ನು ತಿರುವಿಹಾಕಿ, "ಬರಹ ಪೂರ್ತಿ ಬಂದಿದೆಯಲ್ಲ! ಪರೀಕ್ಷೆಗೆ ಅಷ್ಟು ಸಾಕು. ಹಂಚಿಬಿಡಿ" ಎಂದರು. ಅವರು ಒಳ್ಳೆಯ ಅಧ್ಯಾಪಕರು. ವ್ಯಂಗ್ಯಕ್ಕೆಂದು ಆಡಿದ ಮಾತಲ್ಲ ಅದು. ನಮ್ಮಲ್ಲಿ ಬಹುಮಂದಿಯ ಅಭಿಪ್ರಾಯವೇ ಅದು. ನಾನು ಈ ಲೇಖನ ಬರೆಯಲು ಕೂತದ್ದು ಯಂತ್ರದ ತಪ್ಪಿಗಾಗಿ ಅಲ್ಲ, ಈ ಮಾತಿಗಾಗಿ.

ಚಿತ್ರವೆಂದರೆ ಬರಹಕ್ಕೆ ತೊಡಿಸಿದ ಒಡವೆ, ಇದ್ದರೆ ಚೆನ್ನ, ಇಲ್ಲದಿದ್ದರೆ ನಷ್ಟವಿಲ್ಲ ಎಂದು ನಾವು ಎಣಿಸಿಕೊಂಡಿದ್ದೇವೆ. ಕಥೆ ಕಾದಂಬರಿಗಳ ಮಟ್ಟಿಗೆ ಇದು ನಿಜವಾಗಿದ್ದರೂ ಇರಬಹುದು. ಶಾಸನದ ವಿಷಯದಲ್ಲಿ ಮಾತು ತಿರುಗಿಬೀಳುತ್ತದೆ. ಅಲ್ಲಿ ಮೂಲವೆಂಬುದು ಕಲ್ಲು. ಕಲ್ಲಿಗೆ ಅತ್ಯಂತ ಸಮೀಪವಾದದ್ದು ಅದರ ಅಚ್ಚುಪಡಿ ಅಥವಾ ಛಾಯಾಚಿತ್ರ. ಅದರ ಕೆಳಗೆ ಮೊಳೆಯಲ್ಲಿ ಅಚ್ಚಾದ ಪಾಠವು ಒಬ್ಬ ವಿದ್ವಾಂಸನು ತನ್ನ ಕಣ್ಣಿಗೆ ಕಂಡಂತೆ ಓದಿದ ಓದು, ಅಷ್ಟೆ. ಚಿತ್ರವನ್ನು ತೆಗೆದು ಪಾಠವನ್ನು ಮಾತ್ರ ವಿದ್ಯಾರ್ಥಿಯ ಕೈಗೆ ಕೊಡುವುದೆಂದರೆ, ಸಾಕ್ಷಿಯನ್ನು ಹೊರಗೆ ಕಳಿಸಿ ವಕೀಲನ ಮಾತನ್ನು ಮಾತ್ರ ಕೇಳಿಸಿದಂತೆ. ಹಲ್ಮಿಡಿಯ ಶಾಸನವನ್ನೇ ನೋಡಿ. ಎಂ. ಎಚ್. ಕೃಷ್ಣ ಅವರು ೧೯೩೬ರಲ್ಲಿ ಅದನ್ನು ಬೆಳಕಿಗೆ ತಂದಂದಿನಿಂದ ಅದರ ಓದು, ಅರ್ಥ, ಕಾಲಗಳನ್ನು ಕುರಿತು ವಿದ್ವಾಂಸರು ಚರ್ಚಿಸುತ್ತಲೇ ಬಂದಿದ್ದಾರೆ. ಆ ಚರ್ಚೆ ಸಾಧ್ಯವಾದದ್ದು ಕಲ್ಲು ಉಳಿದದ್ದರಿಂದ, ಅದರ ಚಿತ್ರ ಕೈಗೆ ಸಿಕ್ಕಿದ್ದರಿಂದ. ಪಾಠವೊಂದೇ ಉಳಿದಿದ್ದರೆ ನಾವು ಒಪ್ಪಿಕೊಂಡು ಸುಮ್ಮನಿರಬೇಕಾಗುತ್ತಿತ್ತು.

ಆತಕೂರಿನ ಕಲ್ಲಿನ ಮಾತು ಇನ್ನೂ ಸ್ವಾರಸ್ಯವಾದದ್ದು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದ್ದ ಆ ಶಿಲೆ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ; ಕಾಲ ಕ್ರಿ. ಶ. ೯೪೯-೫೦. ರಾಷ್ಟ್ರಕೂಟರ ಮೂರನೆಯ ಕೃಷ್ಣ, ಗಂಗರ ಬೂತುಗ, ತಕ್ಕೋಲದಲ್ಲಿ ಸತ್ತ ಚೋಳ ರಾಜಾದಿತ್ಯ, ಇಷ್ಟು ದೊಡ್ಡ ಹೆಸರುಗಳು ಅದರಲ್ಲಿ ಬರುತ್ತವೆ. ಆದರೆ ಕಲ್ಲಿನ ನೆತ್ತಿಯ ಮೇಲೆ ಶಿಲ್ಪಿ ಕೆತ್ತಿದ್ದು ಈ ಅರಸರಲ್ಲಿ ಯಾರನ್ನೂ ಅಲ್ಲ. ಮಣಲೇರನೆಂಬ ವೀರನು ಬಹುಮಾನವಾಗಿ ಬೇಡಿ ಪಡೆದ, ಹಂದಿಯೊಡನೆ ಕಾದಿ ಸತ್ತ, ಕಾಳಿ ಎಂಬ ನಾಯಿಯನ್ನು. ಬರಹವನ್ನು ಮಾತ್ರ ಓದಿದವನಿಗೆ ಇದು ರಾಜಕೀಯ ಚರಿತ್ರೆಯ ಒಂದು ದಾಖಲೆ. ಚಿತ್ರವನ್ನೂ ಕಂಡವನಿಗೆ ಆ ಕಲ್ಲನ್ನು ನಿಲ್ಲಿಸಿದವರ ಮನಸ್ಸು ಯಾವ ಕಡೆಗೆ ಇತ್ತೆಂಬುದು ಗೊತ್ತಾಗುತ್ತದೆ. ನನ್ನ ನಲವತ್ತು ಪ್ರತಿಗಳಲ್ಲಿ ಅರಸರು ಉಳಿದಿದ್ದರು, ನಾಯಿ ಹೋಗಿತ್ತು.

ಬೇಗೂರು ನಮಗೆ ದೂರದ ಊರಲ್ಲ; ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಅದರ ಆಸುಪಾಸಿನಿಂದಲೇ ಬರುತ್ತಾರೆ. ಬೆಂಗಳೂರಿನ ಕಾಳಗವನ್ನು ಹೆಸರಿಸುವ, ಸುಮಾರು ೮೯೦ರದೆಂದು ಹೇಳಲಾಗುವ ಶಾಸನ ಅಲ್ಲಿನ ನಾಗೇಶ್ವರ ದೇವಾಲಯದಲ್ಲಿದೆ. ಅದೇ ಊರಿನ ಇನ್ನೊಂದು ಕಲ್ಲು, ನಾಗತ್ತರನು ಕಾದಿ ಮಡಿದುದನ್ನು ತಿಳಿಸುವಂಥದು, ಬೆಂಗಳೂರಿನ ವಸ್ತುಸಂಗ್ರಹಾಲಯವನ್ನು ಸೇರಿದೆ. ಆನೆ, ಕುದುರೆ, ಬಿಲ್ಲು, ಬಿದ್ದ ಹೆಣ ಎಲ್ಲವೂ ಒತ್ತೊತ್ತಾಗಿ ತುಂಬಿರುವ ಆ ಕಲ್ಲನ್ನು ಕಂಡ ಮೇಲೆ 'ಕಾಳಗ' ಎಂಬ ಮಾತು ಕಿವಿಗೆ ಬೇರೆಯಾಗಿಯೇ ಕೇಳಿಸುತ್ತದೆ. ಅದನ್ನು ಮಕ್ಕಳಿಗೆ ತೋರಿಸದೆ 'ನೆನಪಿಡಿ, ಎರಡು ಅಂಕದ ಪ್ರಶ್ನೆ' ಎಂದು ಹೇಳುವುದಕ್ಕೆ ನನಗೆ ನಾಲಗೆ ಬರಲಿಲ್ಲ.

ಆದುದರಿಂದ ಕಟ್ಟನ್ನು ಹೊತ್ತುಕೊಂಡು ಅಂಗಡಿಗೆ ಮತ್ತೆ ಹೋದೆ. ಹುಡುಗನು ಜಗಳಕ್ಕೆ ಸಿದ್ಧನಾದಂತೆ ಕಂಡ. "ಸ್ಕ್ರೀನ್ ಮೇಲೆ ಇದೆಯಲ್ಲ ಸಾರ್, ನೋಡಿ" ಎಂದು ಪರದೆಯನ್ನು ನನ್ನ ಕಡೆಗೆ ತಿರುಗಿಸಿದ. ಇತ್ತು. ನಾಯಿ ಇತ್ತು, ಹಂದಿ ಇತ್ತು, ಕಲ್ಲಿನ ಬಿರುಕು ಸಹ ಇತ್ತು. ಕಣ್ಣಿಗೆ ಕಾಣುವುದು ಕಾಗದಕ್ಕೆ ಏಕೆ ಇಳಿಯಲಿಲ್ಲ? ಅವನನ್ನು ಒಲಿಸಿ, ಚಹಾ ತರಿಸಿ, ಇಬ್ಬರೂ ಸೇರಿ ಹುಡುಕತೊಡಗಿದೆವು. ಸ್ವಲ್ಪ ಹೊತ್ತಿನ ಮೇಲೆ ಅವನೇ ಒಪ್ಪಿಕೊಂಡ: ಹಿಂದಿನ ಸಂಜೆ ಗಿರಾಕಿಗಳ ಒತ್ತಡದಲ್ಲಿ ಪೆನ್ ಡ್ರೈವನ್ನು ಕಂಪ್ಯೂಟರಿಗೆ ಹಾಕದೆ ನೇರವಾಗಿ ದೊಡ್ಡ ಯಂತ್ರಕ್ಕೇ ಚುಚ್ಚಿದ್ದ.

ಇಲ್ಲಿದೆ ಗುಟ್ಟು. ಪಿಡಿಎಫ್ ಎಂಬುದು ಚಿತ್ರಪಟವಲ್ಲ, ಒಂದು ಬಗೆಯ ಗ್ರಂಥ. 'ಇಲ್ಲಿ ಈ ಅಕ್ಷರವನ್ನಿಡು, ಅಲ್ಲಿ ಆ ಚಿತ್ರವನ್ನು ಬಿಡಿಸು' ಎಂಬ ಸೂತ್ರಗಳ ಸಮೂಹ. ಸೂತ್ರವಿದ್ದಲ್ಲಿ ವ್ಯಾಖ್ಯಾನಕಾರನೂ ಇರಬೇಕಲ್ಲವೆ? ಕಂಪ್ಯೂಟರಿನೊಳಗೆ ಒಬ್ಬ ವ್ಯಾಖ್ಯಾನಕಾರ, ನಕಲು ಯಂತ್ರದ ಹೊಟ್ಟೆಯಲ್ಲಿ ಇನ್ನೊಬ್ಬ. ಮೊದಲನೆಯವನು ಈಚೆಗೆ ಓದಿ ಬಂದವನು. ಎರಡನೆಯವನು ಯಂತ್ರ ತಯಾರಾದ ಕಾಲದಲ್ಲಿ ಕಲಿತದ್ದಷ್ಟನ್ನೇ ಬಲ್ಲವನು. ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಜಾಲದಲ್ಲಿಡುವವರು ಕಡತ ಹಗುರವಾಗಲೆಂದು ಒಂದೊಂದು ಪುಟವನ್ನೂ ಎರಡು ಪದರವಾಗಿ ಸೀಳುವುದುಂಟು. ಅಕ್ಷರಗಳದು ತೆಳುವಾದ ಕಪ್ಪು ಪದರ; ಕಾಗದದ ಬಣ್ಣ, ಚಿತ್ರ ಮುಂತಾದವುಗಳದು ಹಿನ್ನೆಲೆಯ ಪದರ. ಎರಡನ್ನೂ ಬೇರೆ ಬೇರೆ ವಿಧಾನಗಳಿಂದ ಅಡಕಮಾಡುತ್ತಾರೆ. ಹಿನ್ನೆಲೆಗೆ ಸಾಮಾನ್ಯವಾಗಿ ಬಳಸುವುದು ಜೆಪೆಗ್ ೨೦೦೦ ಎಂಬ ವಿಧಾನ. ಇದನ್ನು ಬಿಡಿಸಲು ಬಾರದ ಯಂತ್ರವು ತನಗೆ ಬಾರದೆಂದು ಬಾಯಿಬಿಟ್ಟು ಹೇಳುವುದಿಲ್ಲ. ಬಲ್ಲಷ್ಟನ್ನು ಅಚ್ಚುಮಾಡಿ, ತಿಳಿಯದ ಕಡೆ ಬಿಳುಪನ್ನು ಬಿಟ್ಟು ಮುಂದಿನ ಪುಟಕ್ಕೆ ಹೋಗುತ್ತದೆ. ಕಷ್ಟವಾದ ಪದ್ಯ ಬಂದಾಗ 'ಇದರ ಅರ್ಥ ಸ್ಪಷ್ಟ' ಎಂದು ಹಾರಿಹೋಗುವ ಟೀಕಾಕಾರರ ಜಾತಿ.

ಹುಡುಗನು ಕಡತವನ್ನು ಕಂಪ್ಯೂಟರಿನಿಂದ ಅಚ್ಚಿಗೆ ಕಳಿಸಿದ. ಮೊದಲ ಮೂರು ಪುಟಗಳ ಚಿತ್ರ ಬಂತು. ನಾಲ್ಕನೆಯದು ಅರ್ಧಕ್ಕೆ ನಿಂತು ಉಳಿದರ್ಧ ಖಾಲಿಯಾಯಿತು. ಯಂತ್ರದ ಸ್ಮೃತಿ ಸಾಲದೆಂದು ಅವನ ಊಹೆ. ದೊಡ್ಡ ಚಿತ್ರಗಳ ಭಾರಕ್ಕೆ ಹಳೆಯ ಯಂತ್ರಗಳು ಹೀಗೆ ಕುಸಿಯುವುದು ಸಹಜವಂತೆ. ಆಗ ಅವನು ಅಡೋಬಿಯವರ ಓದುಗ ತಂತ್ರಾಂಶದಲ್ಲಿ ಅಚ್ಚಿನ ಕಿಟಕಿಯನ್ನು ತೆರೆದು, 'ಅಡ್ವಾನ್ಸ್ಡ್' ಎಂಬ ಗುಂಡಿಯನ್ನೊತ್ತಿ, ಅದರೊಳಗೆ 'ಪ್ರಿಂಟ್ ಆಸ್ ಇಮೇಜ್' ಎಂಬ ಚೌಕಕ್ಕೆ ಗುರುತು ಹಾಕಿದ. ಹೀಗೆ ಮಾಡಿದರೆ ಸೂತ್ರಗಳನ್ನೆಲ್ಲ ಕಂಪ್ಯೂಟರೇ ಬಿಡಿಸಿ, ಇಡೀ ಪುಟವನ್ನು ಒಂದೇ ಚಿತ್ರವನ್ನಾಗಿ ಮಾಡಿ ಯಂತ್ರಕ್ಕೆ ಕೊಡುತ್ತದೆ. ಯಂತ್ರಕ್ಕೆ ಓದುವ ಕೆಲಸವಿಲ್ಲ, ಒತ್ತುವ ಕೆಲಸ ಮಾತ್ರ. ನಿಧಾನವಾಯಿತು, ಅಕ್ಷರದ ಅಂಚು ಎಳ್ಳಷ್ಟು ಮಸುಕಾಯಿತು. ಆದರೆ ಆರು ಪುಟಗಳೂ ಪೂರ್ಣವಾಗಿ ಬಂದುವು.

ಆ ಪುಟಗಳು ಒಂದೊಂದಾಗಿ ಹೊರಬರುತ್ತಿದ್ದಾಗ ನನಗೆ ಮಂಗಳೂರಿನ ಬಾಸೆಲ್ ಮಿಷನ್ನಿನವರ ಕಲ್ಲಚ್ಚಿನ ನೆನಪಾಯಿತು. ೧೮೪೩ರ ಜುಲೈಯಲ್ಲಿ ಹೆರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದಾಗ ಅದು ಕಲ್ಲಚ್ಚಿನಲ್ಲಿ ಮುದ್ರಣವಾಯಿತು. ಕಲ್ಲಿನ ಮೇಲೆ ಅಕ್ಷರವೂ ಒಂದೇ, ಚಿತ್ರವೂ ಒಂದೇ. ಎರಡೂ ಅದೇ ಮಸಿಯ ಗೆರೆಗಳು. ಒಂದು ಬಂದು ಇನ್ನೊಂದು ಬಾರದಿರಲು ಅಲ್ಲಿ ದಾರಿಯಿಲ್ಲ. ಮೊಳೆಯಚ್ಚು ಬಂದಾಗ ಇವೆರಡೂ ಬೇರೆ ಬೇರೆ ಒಕ್ಕಲಾದುವು: ಅಕ್ಷರವನ್ನು ಜೋಡಿಸುವವನು ಒಬ್ಬ, ಚಿತ್ರದ ಬ್ಲಾಕನ್ನು ಮಾಡಿಕೊಡುವವನು ಇನ್ನೊಬ್ಬ. ಬ್ಲಾಕು ಬಾರದೆ ಪುಟದಲ್ಲಿ ಕಿಟಕಿ ತೆರೆದುಕೊಂಡು ಕೂತ ಪುಸ್ತಕಗಳನ್ನು ಹಿರಿಯ ಓದುಗರು ಕಂಡಿರಬಹುದು. ನನ್ನಲ್ಲಿರುವ ಒಂದು ಮರುಮುದ್ರಣದಲ್ಲಿ 'ಚಿತ್ರ ೭ನ್ನು ನೋಡಿ' ಎಂದು ಅಚ್ಚಾಗಿದೆ; ಪುಸ್ತಕದಲ್ಲಿ ಚಿತ್ರ ಒಂದಾದರೂ ಇಲ್ಲ. ಖರ್ಚಿಗಂಜಿ ಕೈಬಿಟ್ಟಿರಬೇಕು. ಮುಂದೆ ಆಫ್‌ಸೆಟ್ ಬಂದು ಅಕ್ಷರ ಚಿತ್ರಗಳನ್ನು ಮತ್ತೆ ಒಂದೇ ತಗಡಿನ ಮೇಲೆ ಕೂರಿಸಿತು. ಪಿಡಿಎಫ್ ಅವನ್ನು ಪುನಃ ಬೇರೆಯಾಗಿ ಕಟ್ಟಿಕೊಂಡು ತಿರುಗುತ್ತದೆ. ನಮ್ಮ ಹುಡುಗ ಗುರುತು ಹಾಕಿದ ಆ ಚೌಕವೆಂದರೆ ಹೆಚ್ಚೂಕಡಮೆ ಪುಟವನ್ನು ತಿರುಗಿ ಕಲ್ಲಚ್ಚು ಮಾಡಿಬಿಡುವ ಉಪಾಯ.

ಇದರಲ್ಲಿ ಒಂದು ವಿಪರ್ಯಾಸವೂ ಇದೆ. ಪಿಡಿಎಫ್ ಹುಟ್ಟಿದ್ದೇ ಇಂಥ ಮೋಸವಾಗಬಾರದೆಂದು. ಅಡೋಬಿ ಸಂಸ್ಥೆಯ ಜಾನ್ ವಾರ್ನಾಕ್ ೧೯೯೧ರ ಸುಮಾರಿನಲ್ಲಿ 'ಕ್ಯಾಮೆಲಾಟ್' ಎಂಬ ಹೆಸರಿನ ಯೋಜನೆಯನ್ನು ಬರೆದಾಗ ಅವರ ಆಸೆ, ಯಾವ ಯಂತ್ರದಲ್ಲಿ ಸಿದ್ಧವಾದ ಕಡತವೇ ಆಗಲಿ ಬೇರಾವ ಯಂತ್ರದಲ್ಲಿಯೂ ಹಾಗೆಯೇ ಕಾಣಬೇಕು, ಹಾಗೆಯೇ ಅಚ್ಚಾಗಬೇಕು ಎಂಬುದು. ೧೯೯೩ರಲ್ಲಿ ಅದು ಬಳಕೆಗೆ ಬಂತು. ೨೦೦೮ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಕಾಲಕಾಲಕ್ಕೆ ಹೊಸ ಸೌಕರ್ಯಗಳು ಸೇರಿದಂತೆಲ್ಲ ಹಳೆಯ ವ್ಯಾಖ್ಯಾನಕಾರರು ಹಿಂದೆ ಬಿದ್ದರು. ಇನ್ನು ಬಾರದ ಚಿತ್ರಕ್ಕಿಂತ ತಪ್ಪಾಗಿ ಬಂದದ್ದು ಅಪಾಯವೆಂಬುದಕ್ಕೂ ನಿದರ್ಶನವಿದೆ. ೨೦೧೩ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬವರು ಮನೆಯೊಂದರ ನಕ್ಷೆಯನ್ನು ಜೆರಾಕ್ಸ್ ಕಂಪನಿಯ ಯಂತ್ರದಲ್ಲಿ ಸ್ಕ್ಯಾನ್ ಮಾಡಿ ನೋಡಿದರೆ, ಬೇರೆ ಬೇರೆ ಅಳತೆಯ ಮೂರು ಕೋಣೆಗಳ ಮೇಲೆ ಒಂದೇ ಅಂಕಿ! ಒಂದನ್ನೊಂದು ಹೋಲುವ ಗುರುತುಗಳನ್ನು ಒಂದೇ ಎಂದು ಎಣಿಸಿ ಸ್ಥಳ ಉಳಿಸುವ ಅಡಕ ವಿಧಾನದ ಫಲ ಅದು. ಶಾಸನದ ಅಕ್ಷರಗಳಿಗೆ ಹೀಗಾದರೆ ಗತಿಯೇನೆಂದು ಯೋಚಿಸಿದರೆ, ಬಿಳಿಯ ಬಯಲು ಪ್ರಾಮಾಣಿಕವೆನ್ನಿಸುತ್ತದೆ.

ಇರಲಿ. ನಾವು ಹೀಗೆ ಹೆಣಗುತ್ತಿದ್ದಾಗ ಬೆಂಚಿನ ಮೇಲೆ ಕೂತಿದ್ದ ತರುಣನೊಬ್ಬ, ಉತ್ತರ ಕರ್ನಾಟಕದ ಕಡೆಯವನೆಂದು ಮಾತಿನಲ್ಲೇ ತಿಳಿಯುತ್ತಿತ್ತು, ಎದ್ದು ಬಂದ. "ಸರ, ನಂದೂ ಹಿಂಗ ಆಗೈತ್ರಿ" ಎಂದು ಒಂದು ಹಾಳೆಯನ್ನು ಚಾಚಿದ. ಕಾರ್ಖಾನೆಯೊಂದರ ಕೆಲಸದ ಅರ್ಜಿ. ಭಾವಚಿತ್ರವಿರಬೇಕಾದ ಚೌಕ ಖಾಲಿ. ಹಿಂದಿನ ದಿನ ಗೇಟಿನಲ್ಲಿ, ಮುಖವಿಲ್ಲದ ಅರ್ಜಿಯನ್ನು ತೆಗೆದುಕೊಳ್ಳುವುದಿಲ್ಲವೆಂದು ಹಿಂದಕ್ಕೆ ಕಳಿಸಿದ್ದರು. ಮಾರನೆಯ ಬೆಳಿಗ್ಗೆಯೇ ಕೊನೆಯ ದಿನ. ಫೋನಿನಲ್ಲಿ ನೋಡಿದರೆ ಮುಖ ಸ್ಪಷ್ಟವಾಗಿದೆ. ಇವನ ರೋಗ ಬೇರೆ. ಅರ್ಜಿಯ ಪಿಡಿಎಫ್ ಮೇಲೆ ಇವನು ಫೋನಿನ ತಂತ್ರಾಂಶವೊಂದರಿಂದ ಭಾವಚಿತ್ರವನ್ನು ಅಂಟಿಸಿದ್ದ. ಹಾಗೆ ಅಂಟಿಸಿದ್ದು ಪುಟದ ಭಾಗವಾಗುವುದಿಲ್ಲ, ಪುಟದ ಮೇಲೆ ತೇಲುವ ಟಿಪ್ಪಣಿಯಾಗಿರುತ್ತದೆ. ಇಂಥ ಒಂದೊಂದು ಟಿಪ್ಪಣಿಗೂ 'ಅಚ್ಚಾಗಬಹುದು' ಎಂಬ ಒಂದು ಗುರುತು ಬೇಕು. ಅದಿಲ್ಲದಿದ್ದರೆ ಪರದೆಯ ಮೇಲೆ ಕಾಣುತ್ತದೆ, ಕಾಗದಕ್ಕೆ ಇಳಿಯದು. ಅಚ್ಚಿನ ಕಿಟಕಿಯಲ್ಲಿಯೂ 'ಡಾಕ್ಯುಮೆಂಟ್' ಮಾತ್ರವೋ, 'ಡಾಕ್ಯುಮೆಂಟ್ ಅಂಡ್ ಮಾರ್ಕಪ್ಸ್' ಎಂದು ಟಿಪ್ಪಣಿ ಸಹಿತವಾಗಿಯೋ ಎಂದು ಕೇಳುವ ಒಂದು ಸ್ಥಳವುಂಟು. ಹುಡುಗನು ಎರಡನೆಯದನ್ನು ಆರಿಸಿದ. ತರುಣನ ಮುಖ ಕಾಗದದ ಮೇಲೆ ಬಂತು. ಅವನು ಅದನ್ನು ಎರಡು ಬಾರಿ ತಿರುಗಿಸಿ ನೋಡಿ, ಮಡಚದೆ, ರಟ್ಟಿನ ನಡುವೆ ಇಟ್ಟುಕೊಂಡು ಹೋದ. ಬರಹ ಪೂರ್ತಿ ಬಂದಿದೆಯಲ್ಲ ಎಂದು ಅವನಿಗೆ ಯಾರಾದರೂ ಹೇಳಬಹುದಾಗಿತ್ತೆ?

ಈಗ ನನ್ನ ದೂರು. ಕನ್ನಡದ ಅಕ್ಷರ ಕಂಪ್ಯೂಟರಿನಲ್ಲಿ ಕೆಟ್ಟಾಗ ನಾವು ಸುಮ್ಮನಿರಲಿಲ್ಲ. ಒತ್ತಕ್ಷರ ಒಡೆದು ಚೌಕಗಳಾಗಿ ಕಂಡಾಗ ಕೂಗೆಬ್ಬಿಸಿದೆವು. ಬರಹ, ನುಡಿ, ಯುನಿಕೋಡ್ ಎಂದು ವರ್ಷಗಟ್ಟಲೆ ಚರ್ಚಿಸಿ, ಲೇಖನಗಳನ್ನು ಬರೆದು, ಕೊನೆಗೆ ಒಂದು ನೆಲೆಗೆ ತಂದೆವು. ಚಿತ್ರ ಹೋದಾಗ ಮಾತ್ರ ಯಾರೂ ಕೂಗುವುದಿಲ್ಲ. ವಿಶ್ವವಿದ್ಯಾಲಯಗಳು ಪಠ್ಯವನ್ನು ಪಿಡಿಎಫ್ ರೂಪದಲ್ಲಿ ಹಂಚುತ್ತವೆ. ಹಂಚುವ ಮುನ್ನ ಒಂದು ಸಾಧಾರಣ ಅಂಗಡಿಯ ಯಂತ್ರದಲ್ಲಿ ಒಂದೇ ಒಂದು ಪ್ರತಿ ತೆಗೆಸಿ ನೋಡುವವರು ಎಷ್ಟು ಮಂದಿ? ದೀರ್ಘಕಾಲ ಉಳಿಯಬೇಕಾದ ಕಡತಗಳಿಗೆಂದೇ ಪಿಡಿಎಫ್/ಎ ಎಂಬ ಮಾನಕ ೨೦೦೫ರಿಂದ ಇದೆ. ಅಕ್ಷರದ ಅಚ್ಚುಮೊಳೆಗಳೆಲ್ಲ ಕಡತದೊಳಗೇ ಇರಬೇಕು, ಹೊರಗಿನ ಯಾವುದನ್ನೂ ನೆಚ್ಚಬಾರದು, ಟಿಪ್ಪಣಿಗಳಿಗೆ ಅಚ್ಚಿನ ಗುರುತಿರಬೇಕು ಎಂಬುದು ಅದರ ಕಟ್ಟಳೆ. ಅದರ ಮೊದಲ ಆವೃತ್ತಿಯಂತೂ ಜೆಪೆಗ್ ೨೦೦೦ನ್ನೇ ಒಳಗೆ ಬಿಡುವುದಿಲ್ಲ. ಹಳೆಯ ಯಂತ್ರಗಳ ಮಟ್ಟಿಗೆ ಅದೇ ಕ್ಷೇಮ. ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ, ಬೇಕೆಂಬ ಬುದ್ಧಿ ಬೇಕು.

ಎಲ್ಲರ ಕೈಯಲ್ಲಿಯೂ ಫೋನಿರುವಾಗ ಕಾಗದದ ಹಟವೇಕೆ ಎಂದು ಕೇಳುವವರಿದ್ದಾರೆ. ಅಂಥವರು ನನ್ನ ತರಗತಿಗೆ ಒಮ್ಮೆ ಬರಬೇಕು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬೆಂಚಿನ ಮೇಲೆ ಕೂರುವ ಹುಡುಗನ ಫೋನಿನಲ್ಲಿ ಆ ಹೊತ್ತಿಗೆ ವಿದ್ಯುತ್ತಿರುವುದಿಲ್ಲ. ಅಕ್ಕ ತಂಗಿಯರಿಬ್ಬರಿಗೆ ಒಂದೇ ಫೋನಿರುವ ಮನೆಗಳು ಇಲ್ಲಿ ಇನ್ನೂ ಇವೆ. ಅಲ್ಲದೆ ಮೂರು ಅಂಗುಲದ ಗಾಜಿನ ಮೇಲೆ ನಾಗತ್ತರನ ಆನೆ ಇಲಿಯಷ್ಟಾಗುತ್ತದೆ. ಬೆಂಗಳೂರು ಸುತ್ತಿನ ಶಾಸನಗಳನ್ನು ಮಿಥಿಕ್ ಸೊಸೈಟಿಯವರು ೨೦೨೧ರಿಂದ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಸವೆದ ಅಕ್ಷರಗಳು ಬರಿಗಣ್ಣಿಗಿಂತ ಆ ಚಿತ್ರಗಳಲ್ಲಿ ಚೆನ್ನಾಗಿ ಕಾಣುತ್ತವೆ. ಅಷ್ಟು ಶ್ರಮದಿಂದ ಹಿಡಿದ ಕಲ್ಲು ಕೊನೆಯ ಹೆಜ್ಜೆಯಲ್ಲಿ, ಹಳ್ಳಿಯ ಕಾಲೇಜೊಂದರ ಮಗ್ಗುಲ ಜೆರಾಕ್ಸ್ ಅಂಗಡಿಯಲ್ಲಿ, ಬಿಳಿಯ ಕಾಗದವಾಗಿಬಿಟ್ಟರೆ ನಷ್ಟ ಯಾರದು?

ಅಧ್ಯಾಪಕ ಮಿತ್ರರಿಗೆ ಒಂದು ಮಾತು. ನಲವತ್ತು ಪ್ರತಿ ತೆಗೆಸುವ ಮುನ್ನ ಒಂದನ್ನು ತೆಗೆಸಿ, ಅಲ್ಲೇ ನಿಂತು, ಪುಟ ಪುಟವನ್ನೂ ನೋಡಿ. ಪರದೆಯನ್ನು ನಂಬಬೇಡಿ, ವಾಟ್ಸಾಪಿನ ಕಿಟಕಿಯಲ್ಲಿಯೇ ತೆರೆದು ಅಚ್ಚು ಮಾಡಿಸಲೂ ಬೇಡಿ, ಕಡತವನ್ನು ಪೂರ್ತಿ ಇಳಿಸಿಕೊಂಡು ತಕ್ಕ ತಂತ್ರಾಂಶದಲ್ಲಿ ತೆರೆಯಿರಿ. ಆಮೇಲೂ ಚಿತ್ರ ಬಾರದಿದ್ದರೆ ಆ ಚೌಕದ ನೆನಪಿರಲಿ. ಮಸಿ ಉಳಿಸಲು ಯಂತ್ರವನ್ನು 'ಡ್ರಾಫ್ಟ್' ಸ್ಥಿತಿಯಲ್ಲಿಟ್ಟಿದ್ದಾರೆಯೇ ಎಂದೂ ಕೇಳಿ. ಕೇಳಿದರೆ ಅಂಗಡಿಯವರು ಸಿಟ್ಟಾಗುತ್ತಾರೆ, ಆದರೂ ಕೇಳಿ. ನಾನು ಇದನ್ನೆಲ್ಲ ಕಲಿತದ್ದು ಇನ್ನೂರ ನಲವತ್ತು ಹಾಳೆಗಳ ದಂಡ ತೆತ್ತ ಮೇಲೆ. ಅರ್ಧ ಹಣವನ್ನು ಬಿಡುವೆನೆಂದು ಹುಡುಗನು ಹೇಳಿದ; ತಪ್ಪಿನಲ್ಲಿ ನನ್ನ ಪಾಲೂ ಇದ್ದುದರಿಂದ ಒಪ್ಪಲಿಲ್ಲ.

ಹಳೆಯ ಕಟ್ಟನ್ನು ಎಸೆಯಲು ಮನಸ್ಸು ಬಾರದೆ ತರಗತಿಗೆ ಕೊಂಡೊಯ್ದು, ಹಿಂಬದಿಯಲ್ಲಿ ಟಿಪ್ಪಣಿ ಬರೆದುಕೊಳ್ಳಿರೆಂದು ಹಂಚಿದೆ. ಹೊಸ ಪ್ರತಿಯಲ್ಲಿ ನಾಯಿ ಹಂದಿಗಳನ್ನು ತೋರಿಸಿ ಪಾಠ ಮಾಡಿದೆ. ಎರಡು ದಿನ ಬಿಟ್ಟು ಕೊನೆಯ ಸಾಲಿನ ಹುಡುಗಿಯೊಬ್ಬಳು ತನ್ನ ಹಳೆಯ ಹಾಳೆಯನ್ನು ತಂದು ಮೇಜಿನ ಮೇಲಿಟ್ಟಳು. ಬಿಳಿಯ ಬಯಲಿನಲ್ಲಿ ಪೆನ್ಸಿಲಿನಿಂದ ಕಾಳಿಯನ್ನೂ ಹಂದಿಯನ್ನೂ ಬಿಡಿಸಿದ್ದಳು. ಹಂದಿಯ ಬೆನ್ನಿನ ಕೂದಲನ್ನು ಒಂದೊಂದಾಗಿ ಎಳೆದಿದ್ದಾಳೆ. ನಾಯಿಯ ಹಿಂಗಾಲು ಸ್ವಲ್ಪ ಉದ್ದವಾಗಿದೆ. "ಕಲ್ಲಲ್ಲೂ ಹಾಗೇ ಇದೆಯಾ ಸಾರ್, ಹೋಗಿ ನೋಡ್ಬೇಕು" ಎಂದಳು. ಬರುವ ಭಾನುವಾರ ಬೆಂಗಳೂರಿಗೆ ಹೋಗುವ ಬಸ್ಸಿನ ಖರ್ಚಿಗೆ ಹದಿನೇಳು ಮಂದಿ ಹೆಸರು ಕೊಟ್ಟಿದ್ದಾರೆ.